ಏಳನೇ ಟಿಕೆಟು

ಇಕ್ಕಳ ಕಾದಿದೆಯೋ ಇಲ್ಲವೋ ನೋಡಲು ಬಾಚಮ್ಮ ಅದನ್ನು ಒದ್ದೆ ಬಟ್ಟೆಗೆ ಒತ್ತಿದಳು. ಚುಂಯ್ ಎಂದು ಹಬೆ ಎದ್ದಿತು. ಕಾದಿತ್ತು, ಚೆನ್ನಾಗಿಯೇ ಕಾದಿತ್ತು. ಆದರೂ ಅದನ್ನು ಮತ್ತೆ ಒಲೆಯ ಮೇಲಿಟ್ಟಳು. ಕಾದದ್ದನ್ನೇ ಕಾಯಿಸುತ್ತ ಬೆಳಗಿನಿಂದ ಅಡುಗೆಮನೆಯಲ್ಲಿ ನಿಂತಿದ್ದಾಳೆ.

"ಬಾಚಮ್ಮ, ಇನ್ನೂ ಆಗ್ಲಿಲ್ವಾ?" ಸತ್ತವಳ ಮಗಳು ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಆದರೂ ಕೈಯಲ್ಲಿ ಬಂದವರಿಗೆ ಕೊಡುವ ನೀರಿನ ಲೋಟಗಳ ತಟ್ಟೆ ಇತ್ತು. "ಜನ ಬರೋಕೆ ಶುರುವಾಯ್ತು. ಅಮ್ಮನ ತಲೆ ಆದ್ಮೇಲೆ ಗುಬ್ಬೀದೂ ಒಂದ್ಸಲ ಎಳೆದುಬಿಡು. ನಮ್ಮತ್ತೆ ಬಂದು ಕೂತಾಗಿದೆ. ಗೊತ್ತಲ್ಲ ಅವರ ಬಾಯಿ."

ಗುಬ್ಬಿ ಎಂದರೆ ಸತ್ತವಳ ಮೊಮ್ಮಗಳು. ತಲೆ ತುಂಬ ಗುಂಗುರು. ಇಕ್ಕಳ ಕಂಡರೆ ಅಜ್ಜಿಯ ಮಂಚದ ಕೆಳಗೆ ನುಸುಳುವ ಹುಡುಗಿ, ಇವತ್ತು ಆ ಮಂಚದ ಹತ್ತಿರ ಸುಳಿಯುವಂತಿಲ್ಲವಾದ್ದರಿಂದ ಹಿತ್ತಲ ನಲ್ಲಿಯ ಪಕ್ಕ ಹೋಗಿ ಕೂತಿದ್ದಳು.

"ಆಯ್ತು ಮಗಾ," ಎಂದಳು ಬಾಚಮ್ಮ. "ನೀನು ಬಂದವರನ್ನ ನೋಡ್ಕೋ. ನಾನು ಬಾಗಿಲು ಹಾಕ್ಕೊಂಡು ಮಾಡ್ತೀನಿ."

ಬಾಚಮ್ಮ ಎಂಬುದು ಅವಳ ಹೆಸರೇನಲ್ಲ. ಮನೆಮನೆಗೆ ಹೋಗಿ ಹೆಂಗಸರ ತಲೆ ಬಾಚಿ, ಸಿಕ್ಕು ಬಿಡಿಸಿ, ಗುಂಗುರನ್ನು ಬಿಸಿ ಇಕ್ಕಳದಲ್ಲಿ ಎಳೆದು ನೆಟ್ಟಗೆ ಮಾಡಿ ಹೊಟ್ಟೆ ಹೊರೆದವಳನ್ನು ಜನ ಹಾಗೆ ಕರೆದರು, ಅದೇ ಅಂಟಿಕೊಂಡಿತು. ಈ ಮನೆಗೆ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ಬಂದವಳೇ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ತಲೆ ಬಾಚುವಾಗ ಯಾರಾದರೂ ನೋಡಿದರೆ ನಿಮ್ಮಮ್ಮನಿಗೆ ತಲೆನೋವು ಬರುತ್ತದೆ ಎಂದು ಮಗಳಿಗೆ ಹೇಳಿದ್ದರು. ಮಗಳು ನಂಬಿದ್ದಳು. ಸತ್ತವಳ ಗಂಡನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ಆದರೆ ಆ ಪುಣ್ಯಾತ್ಮ ಗೊತ್ತಿಲ್ಲದವನ ಹಾಗೇ ಬದುಕಿ, ಗೊತ್ತಿಲ್ಲದವನ ಹಾಗೇ ಕಣ್ಣು ಮುಚ್ಚಿದ.

ಚಿಲಕ ಬೀಳುವ ತನಕ ಬಾಚಮ್ಮ ಆ ಮನೆಯೊಡತಿಯನ್ನು 'ಅಮ್ಮಾವ್ರೇ' ಎನ್ನುತ್ತಿದ್ದಳು. ಚಿಲಕ ಬಿದ್ದ ಮೇಲೆ 'ಅಕ್ಕ'. ಬಾಯುಪಚಾರದ ಅಕ್ಕನಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ, ಒಂದು ವರ್ಷಕ್ಕೆ ದೊಡ್ಡವಳು. ಇಬ್ಬರದೂ ಒಂದೇ ಗದ್ದ, ಒಂದೇ ಮೂಗು, ನಕ್ಕರೆ ಒಂದೇ ಕಡೆಗೆ ಓರೆಯಾಗುವ ಬಾಯಿ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಓಡಾಡಿದರೂ ಅದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಕೂದಲು ನೋಡಿ ಒಬ್ಬಳು ನಯದವಳು, ಇನ್ನೊಬ್ಬಳು ಸಿಕ್ಕಿನವಳು ಎಂದು ಗೊತ್ತಾದ ಮೇಲೆ ಮುಖ ನೋಡುವವರು ಯಾರು?

ಈಗ ಆ ಅಕ್ಕ ಮಿಂದು ಮಡಿಯಾಗಿ ಒಳಕೋಣೆಯಲ್ಲಿ ಮಲಗಿದ್ದಾಳೆ. ಅವಳನ್ನು ಇಕ್ಕಳದ ತಲೆಯಲ್ಲಿ ಕಳಿಸಬೇಕೋ, ಹುಟ್ಟಿದ ತಲೆಯಲ್ಲಿ ಕಳಿಸಬೇಕೋ ಎಂಬುದು ಬಾಚಮ್ಮನ ಕೈಯಲ್ಲಿತ್ತು. ಹಾಗೆಂದು ಹೇಳಿ ಹೋದವಳು ಅಕ್ಕನೇ.

*

ಅವರು ಚಿಕ್ಕವರಿದ್ದಾಗ ಊರಲ್ಲಿ ಎರಡು ಬಗೆಯ ಜನ ಇದ್ದರು. ನಯದವರು, ಸಿಕ್ಕಿನವರು. ಇಬ್ಬರ ರಕ್ತ ಬೇರೆ, ಮೂಳೆ ಬೇರೆ, ಬುದ್ಧಿ ಬೇರೆ ಎಂದು ಶಾಲೆಯ ಪಾಠದಲ್ಲೇ ಇತ್ತು. ರಕ್ತ, ಮೂಳೆ, ಬುದ್ಧಿಗಳನ್ನು ಬಗೆದು ನೋಡುವುದು ತ್ರಾಸದ ಕೆಲಸವಾದ್ದರಿಂದ ಸರ್ಕಾರ ಒಂದು ಬಾಚಣಿಗೆ ಇಟ್ಟುಕೊಂಡಿತ್ತು. ಮಗುವನ್ನು ಶಾಲೆಗೆ ಸೇರಿಸುವ ದಿನ ಬಾಗಿಲಲ್ಲಿ ಕೂತ ಗುಮಾಸ್ತ ಅದನ್ನು ನೆತ್ತಿಯಿಂದ ತುದಿಯ ತನಕ ಒಂದು ಸಲ ಎಳೆಯುತ್ತಿದ್ದ. ಸರಾಗವಾಗಿ ಇಳಿದರೆ ನಯದವರು. ನಡುವೆ ನಿಂತರೆ ಸಿಕ್ಕಿನವರು. ಅಲ್ಲಿಗೆ ಯಾವ ಶಾಲೆ, ಯಾವ ಬಸ್ಸು, ಯಾವ ಕೆಲಸ, ಯಾವ ಬೀದಿಯಲ್ಲಿ ಮನೆ, ಯಾರ ಜೊತೆ ಮದುವೆ, ಎಲ್ಲ ತೀರ್ಮಾನವಾದಂತೆ.

ಅವ್ವ ಇಬ್ಬರನ್ನೂ ಒಂದೇ ದಿನ ಸೇರಿಸಲು ಹೊರಟಳು. ಎರಡು ದಿನ ಕೆಲಸ ಬಿಡುವಂತಿರಲಿಲ್ಲ. ಬೆಳಗ್ಗೆ ಅಕ್ಕನನ್ನು ಮುಂದೆ ಕೂರಿಸಿಕೊಂಡು ಬಟ್ಟಲಲ್ಲಿದ್ದ ಎಣ್ಣೆಯನ್ನು ತಲೆಗೆ ಒತ್ತಿ ಒತ್ತಿ, ಬಾಚಿ, ಮತ್ತೆ ಒತ್ತಿ, ಮತ್ತೆ ಬಾಚಿದಳು. ತಂಗಿಯ ಸರದಿ ಬಂದಾಗ ಬಟ್ಟಲಲ್ಲಿ ಬೆರಳು ಒದ್ದೆಯಾಗುವಷ್ಟೂ ಎಣ್ಣೆ ಇರಲಿಲ್ಲ. ಅವ್ವ ಬಟ್ಟಲನ್ನು ಬೋರಲು ಹಾಕಿ ನೋಡಿದಳು. "ಇರ್ಲಿ ಬಾ, ನಿಂದು ನೀರಲ್ಲೇ ಆಗುತ್ತೆ," ಎಂದು ನೀರು ಹಚ್ಚಿದಳು. ಶಾಲೆ ಮುಟ್ಟುವಷ್ಟರಲ್ಲಿ ಬಿಸಿಲಿಗೆ ನೀರು ಆರಿಹೋಗಿತ್ತು.

ಅಕ್ಕನ ತಲೆಯಲ್ಲಿ ಬಾಚಣಿಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಳಿಯಿತು. ತಂಗಿಯ ತಲೆಯಲ್ಲಿ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಗುಮಾಸ್ತ ಪಾಪ ನ್ಯಾಯವಂತ, ಇನ್ನೊಂದು ಸಲ ಎಳೆದ. ಬಾಚಣಿಗೆಯ ಒಂದು ಹಲ್ಲು ಮುರಿದು ಕೂದಲಲ್ಲೇ ಉಳಿಯಿತು.

"ಇದು ಆ ಕಡೆ," ಎಂದ. "ಇಬ್ರೂ ನಿನ್ನ ಮಕ್ಕಳಾ?"

ಹೌದೆಂದರೆ ಇಬ್ಬರೂ ಆ ಕಡೆಯೇ. ಅವ್ವ ದೊಡ್ಡವಳ ಕೈ ಬಿಟ್ಟಳು. "ಇಲ್ಲ ಸ್ವಾಮಿ," ಎಂದಳು ಆಮೇಲೆ. "ದೊಡ್ಡೋಳು ನಾನು ಕೆಲಸಕ್ಕಿರೋ ಮನೆಯವರದು."

ಒಬ್ಬಳಾದರೂ ದಾಟಲಿ ಎಂಬುದು ಅವಳ ಯೋಚನೆ. ಆ ಮನೆಯ ಯಜಮಾನಿಗೆ ಮಕ್ಕಳಿರಲಿಲ್ಲ. ಹುಡುಗಿಯನ್ನು ಇಟ್ಟುಕೊಳ್ಳಲು ಒಪ್ಪಿದಳು. ಅವ್ವ ಅದೇ ಮನೆಯಲ್ಲಿ ಪಾತ್ರೆ ತೊಳೆಯುತ್ತ, ಮಗಳು ಬೇರೆಯವರ ಮಗಳಾಗಿ ಬೆಳೆಯುವುದನ್ನು ನೋಡಿದಳು. ಒಂದು ಬಟ್ಟಲು ಎಣ್ಣೆ ಮುಗಿದದ್ದಕ್ಕೆ ಒಂದೇ ತಾಯಿಯ ಮಕ್ಕಳು ಎರಡು ಜನಾಂಗವಾದರು.

*

ಬಾಚಮ್ಮ ಒಳಕೋಣೆಯ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಮಗಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ನಾನೂ ಇರ್ತೀನಿ."

"ನಿಮ್ಮಮ್ಮಂಗೆ ಇಷ್ಟ ಆಗಲ್ಲ ಮಗಾ."

"ಅಮ್ಮಂಗೆ ಇನ್ನು ತಲೆನೋವು ಬರಲ್ಲ. ಹುಟ್ಟಿದಾಗಿಂದ ಒಂದು ದಿನ ಅಮ್ಮನ ತಲೆ ಮುಟ್ಟಿಲ್ಲ ನಾನು. ಇವತ್ತೂ ಹೊರಗೇ ನಿಲ್ಲಿಸ್ತೀಯಾ?"

ಬಾಚಮ್ಮ ಚಿಲಕ ಹಾಕಿದಳು. ಮೊದಲ ಬಾರಿಗೆ ಆ ಚಿಲಕದ ಒಳಗೆ ಮೂವರಾದರು.

ಕಾಯಿಲೆ ಬಿದ್ದ ಮೇಲೆ ಅಕ್ಕನ ತಲೆಗೆ ಯಾವಾಗಲೂ ಬಟ್ಟೆ ಕಟ್ಟಿಯೇ ಇರುತ್ತಿತ್ತು. ಕೂದಲು ಉದುರುತ್ತಿದೆ, ನೋಡಿದರೆ ನಿನಗೇ ಸಂಕಟ ಎಂದು ಮಗಳಿಗೆ ಹೇಳಿದ್ದರು. ಬಾಚಮ್ಮ ಗಂಟು ಬಿಚ್ಚಿದಳು. ಉದುರಿದ್ದೆಲ್ಲಿ? ಬೆಳಗ್ಗೆ ತೊಳೆದ ಕೂದಲು ಅರ್ಧ ಆರಿತ್ತು. ಹಣೆಯಿಂದ ದಿಂಬಿನ ತನಕ ಬೆಳ್ಳಗೆ, ಸುರುಳಿ ಸುರುಳಿಯಾಗಿ ಎದ್ದು ಕೂತಿತು.

ಮಗಳು ಅಮ್ಮನ ತಲೆ ನೋಡಿದಳು. ಬಾಚಮ್ಮನ ತಲೆ ನೋಡಿದಳು. ಆಮೇಲೆ, ತೊಟ್ಟಿಲಲ್ಲಿದ್ದಾಗಿನಿಂದ ಕಂಡ ಮುಖವನ್ನು ಈಗ ತಾನೇ ಕಾಣುತ್ತಿರುವವಳಂತೆ ಬಾಚಮ್ಮನ ಗದ್ದ, ಮೂಗು, ಬಾಯಿಯನ್ನು ನೋಡುತ್ತ ಮಂಚದ ಅಂಚಿಗೆ ಕೂತುಬಿಟ್ಟಳು.

"ನೀನು ಅಮ್ಮಂಗೆ ಏನಾಗ್ಬೇಕು?"

"ತಂಗಿ."

"ತನ್ನ ಕಡೆಯವರು ಯಾರೂ ಇಲ್ಲ ಅಂತಿದ್ಲು ಅಮ್ಮ."

"ಮತ್ತೇನು ಹೇಳ್ತಾಳೆ? ಇದ್ದಾಳೆ, ಭಾನುವಾರ ಭಾನುವಾರ ಬಂದು ಹೋಗ್ತಾಳೆ ಅನ್ನೋಕಾಗುತ್ತಾ?"

ಮಗಳು ನಗಲಿಲ್ಲ. "ಗುಬ್ಬಿ ಹುಟ್ಟಿದಾಗ ನಮ್ಮತ್ತೆ ಏನಂದ್ರು? ನಮ್ಮ ವಂಶದಲ್ಲಿ ಇಲ್ಲದ ಕೂದಲು ಎಲ್ಲಿಂದ ತಂದೆ ಅಂದ್ರು. ನೀನೂ ಇಲ್ಲೇ ಇದ್ದೆ. ನಮ್ಮನೆಯವರು ಎಷ್ಟೋ ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಇದೇ ಮಂಚದ ಮೇಲೆ, ಅಮ್ಮನ ತೊಡೆ ಮೇಲೆ ತಲೆ ಇಟ್ಟು ಅತ್ತಿದ್ದೀನಿ. ಅಮ್ಮ ಬೆನ್ನು ಸವರಿದ್ಲು, ಅಷ್ಟೇ! ಒಂದು ಮಾತು ಹೇಳಿದ್ರೆ ಸಾಕಿತ್ತು. ಇಬ್ರಿಗೂ ಗೊತ್ತಿತ್ತು ನಿಮಗೆ."

ಬಾಚಮ್ಮನಿಗೆ ನಾಚಿಕೆಯಾಯಿತು. ಆ ದಿನಗಳಲ್ಲಿ ಅಕ್ಕ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಪ್ರತಿ ಭಾನುವಾರ 'ಇವತ್ತು ಹೇಳಿಬಿಡ್ತೀನಿ' ಎನ್ನುತ್ತಿದ್ದಳು, ತಲೆ ನೆಟ್ಟಗಾದ ಮೇಲೆ ಸುಮ್ಮನಾಗುತ್ತಿದ್ದಳು. ಅದನ್ನು ಹೇಳಿ ಏನು ಪ್ರಯೋಜನ? ಆಡದ ಮಾತು ಆಡದ್ದೇ.

"ಹೆದರಿದ್ವಿ ಮಗಾ," ಎಂದಳು. "ಹೆದರಿ ಹೆದರಿ ಅದೇ ರೂಢಿ ಆಗಿಹೋಗಿತ್ತು. ಬಾಚಣಿಗೆ ಕಾನೂನು ಹೋದಾಗ ನೀನಿನ್ನೂ ಶಾಲೆಗೆ ಹೋಗ್ತಿದ್ದೆ. ಕಾನೂನು ಹೋಯ್ತು. ಆದ್ರೆ ಇವತ್ತಿಗೂ ಬಾಡಿಗೆಗೆ ಮನೆ ಕೊಡೋರು, ಹೆಣ್ಣು ನೋಡೋಕೆ ಬರೋರು ಮೊದಲು ತಲೆ ತಾನೇ ನೋಡೋದು?"

ಮಗಳು ಅಮ್ಮನ ಹಣೆಯ ಮೇಲಿನ ಒಂದು ಸುರುಳಿಯನ್ನು ಎಳೆದು ಬಿಟ್ಟಳು. ಅದು ಗುಬ್ಬಿಯದರ ಹಾಗೇ ಚಿಮ್ಮಿ ಹಳೆಯ ಜಾಗಕ್ಕೆ ಹೋಯಿತು.

"ನಿಮ್ಮವ್ವ ಯಾವಾಗ ತೀರ್ಕೊಂಡ್ರು?"

"ನಿಂಗಾಗ ಎರಡು ವರ್ಷ."

"ಅಮ್ಮ ಮಣ್ಣಿಗೆ ಹೋಗಿದ್ಲಾ?"

ಬಾಚಮ್ಮ ಮಂಚದ ಇನ್ನೊಂದು ಬದಿಗೆ ಕೂತಳು. ಇದನ್ನು ಅವಳು ಈವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

*

ಅಕ್ಕ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯ ತನಕ ಅದೇ ಕೋಣೆ. ಕೋಣೆ ಒಂದೇ, ಕಿಂಡಿ ಎರಡು. ಮುಂದಿನ ಕಿಂಡಿ ನಯದವರಿಗೆ, ಅಲ್ಲಿ ನೆರಳು, ಕೂರಲು ಬೆಂಚು. ಹಿಂದಿನದು ಸಿಕ್ಕಿನವರಿಗೆ, ಅಲ್ಲಿ ಬಿಸಿಲು. ನಡುವೆ ತಿರುಗುವ ಸ್ಟೂಲಿನ ಮೇಲೆ ಅಕ್ಕ. ಇತ್ತ ತಿರುಗಿ ಹರಿದು ಕೊಡುವುದು, ಅತ್ತ ತಿರುಗಿ ಹರಿದು ಕೊಡುವುದು. ಟಿಕೆಟಿನ ಕಟ್ಟು ಮಾತ್ರ ಒಂದೇ. "ಇಡೀ ಊರಲ್ಲಿ ಎರಡೂ ಕಡೆಗೆ ಮುಖ ಇರೋಳು ನಾನೊಬ್ಬಳೇ ಕಣೇ," ಎಂದು ಚಿಲಕದ ಹಿಂದೆ ನಗುತ್ತಿದ್ದಳು. "ಸೊಂಟ ಹಿಡ್ಕೊಂಡಿರೋದು ವಯಸ್ಸಿಗಲ್ಲ, ಆ ಸ್ಟೂಲಿಗೆ."

ಅವ್ವ ಕೊನೆಗಾಲದಲ್ಲಿ ದೂರದ ಊರಿನಲ್ಲಿ ತನ್ನ ತಮ್ಮನ ಮನೆ ಸೇರಿದ್ದಳು. ಸತ್ತ ಸುದ್ದಿ ಬಂದ ಬೆಳಗ್ಗೆ ಬಾಚಮ್ಮ ನೆಂಟರನ್ನು ಕಟ್ಟಿಕೊಂಡು ಹಿಂದಿನ ಕಿಂಡಿಗೆ ಹೋದಳು. ಅವಳ ಹಿಂದೆ ಸಾಲು ನಿಂತಿತ್ತು. ಮುಂದಿನ ಕಿಂಡಿಯಲ್ಲೂ ಜನ.

"ಅಮ್ಮಾವ್ರೇ," ಎಂದಳು. "ನಮ್ಮವ್ವ ತೀರ್ಕೊಂಡ್ಲು. ಆರು ಟಿಕೆಟ್ ಕೊಡಿ."

ಅಕ್ಕನ ಕೈ ಕಟ್ಟಿನ ಮೇಲೆ ಹಾಗೇ ನಿಂತಿತು. ಮುಂದಿನ ಕಿಂಡಿಯಿಂದ ಯಾರೋ, "ಬೇಗ ಕೊಡ್ರೀ, ಬಸ್ಸು ಹೋಗುತ್ತೆ," ಎಂದರು. ಅಳುವಂತಿಲ್ಲ. ಸಿಕ್ಕಿನವಳ ಅವ್ವ ಸತ್ತರೆ ಟಿಕೆಟ್ ಕೊಡುವವಳು ಯಾಕೆ ಅಳುತ್ತಾಳೆ? ಅಕ್ಕ ಸರಸರನೆ ಹರಿದು ಕೊಟ್ಟು ಅತ್ತ ತಿರುಗಿಬಿಟ್ಟಳು.

ಬಸ್ಸು ಹತ್ತಿ ಎಣಿಸಿದರೆ ಏಳು ಟಿಕೆಟ್. ಗಾಬರಿಯಲ್ಲಿ ಒಂದು ಹೆಚ್ಚಿಗೆ ಹರಿದಳೇನೋ ಎಂದುಕೊಂಡಳು ಬಾಚಮ್ಮ. ಎಣಿಕೆ ತಪ್ಪುವವಳೇ ಅಕ್ಕ? ಬಸ್ಸು ನಿಲ್ದಾಣ ದಾಟುವಾಗ ತಿಳಿಯಿತು. ಏಳನೆಯದು ಅಕ್ಕ ತನಗೆಂದು ಹರಿದದ್ದು. ಪಕ್ಕದ ಸೀಟಿನ ಮೇಲೆ ಅಂಗೈ ಊರಿಕೊಂಡು ಕೂತಳು.

ಕಂಡಕ್ಟರ್ ಬಂದ. ಆಗಿನ್ನೂ ಕಪ್ಪು ಮೀಸೆಯವನು. "ಈ ಸೀಟು ಯಾರದಮ್ಮ?"

"ಬರ್ತಾರೆ."

ಮುಂದಿನ ನಿಲ್ದಾಣದಲ್ಲಿ ಹತ್ತಿದವರು ಗೊಣಗಿದರು. ಅವನು ಮತ್ತೆ ಬಂದು ಕೇಳಿದ. ಬಾಚಮ್ಮ ಏಳನೇ ಟಿಕೆಟು ತೋರಿಸಿ, "ಬರ್ತಾರೆ," ಎಂದಳು. ಅವನು ಅವಳ ಮುಖ ನೋಡಿದವನು ಆಮೇಲೆ ಕೇಳಲಿಲ್ಲ. ನಿಂತವರು ಬೈದುಕೊಂಡರೂ ಊರು ಮುಟ್ಟುವ ತನಕ ಆ ಸೀಟು ಖಾಲಿಯೇ ಹೋಯಿತು.

*

"ತಲೆ ಹೇಗೆ ಮಾಡ್ಬೇಕು ಅಂತ ಅಮ್ಮ ಏನಾದ್ರೂ ಹೇಳಿದ್ಲಾ?" ಮಗಳು ಕಣ್ಣೊರೆಸಿಕೊಂಡು ಕೇಳಿದಳು.

"ಕೊನೆಗೂ ನೀನೇ ಬಾಚು ಅಂದ್ಲು. ಹೇಗೆ ಬಾಚ್ಲಿ ಅಂದೆ. ನಿಂಗೆ ತೋಚಿದ ಹಾಗೆ ಬಾಚು, ಸತ್ತೋರಿಗೇನು ಹೆದರಿಕೆ, ಹೆದರಿಕೆ ಇರೋದು ಉಳಿದೋರಿಗೆ, ಅದಕ್ಕೇ ನಿಂಗೇ ಬಿಟ್ಟಿದ್ದೀನಿ ಅಂದ್ಲು. ನೋಡು! ಬದುಕಿದ್ದಾಗಲೂ ಭಾರ ನನ್ನ ತಲೆ ಮೇಲೆ, ಸತ್ತ ಮೇಲೂ ನನ್ನ ತಲೆ ಮೇಲೆ. ಹುಟ್ಟಿದ್ರೆ ದೊಡ್ಡೋಳಾಗಿ ಹುಟ್ಟಬೇಕು ಕಣಮ್ಮ."

ಮಗಳಿಗೆ ಅಳುವಿನ ನಡುವೆ ನಗು ಬಂತು. ಬಾಯಿ ಒಂದು ಕಡೆಗೆ ಓರೆಯಾಯಿತು. ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಅವಳ ಅತ್ತೆಯ ದನಿ ಕೇಳಿತು, "ಎಷ್ಟು ಹೊತ್ತು ಇನ್ನೂ?" ಮಗಳ ನಗು ಇಳಿದುಹೋಯಿತು.

"ಎಳೆದುಬಿಡು," ಎಂದಳು ಸಣ್ಣ ದನಿಯಲ್ಲಿ. "ಇವತ್ತೊಂದಿನ. ಎಲ್ಲರ ಮುಂದೆ ನನ್ನ ಕೈಲಾಗಲ್ಲ."

ಬಾಚಮ್ಮ ಇಕ್ಕಳ ಎತ್ತಿಕೊಂಡಳು. ಅಕ್ಕನ ಕಿವಿಯ ಹಿಂದಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಅಲ್ಲಿ ಒಂದು ಹಳೆಯ ಸುಟ್ಟ ಕಲೆ ಇತ್ತು. ಅದರ ಕೆಳಗೆ ಇನ್ನೊಂದು. ಎಲ್ಲ ಅವಳ ಕೈಯವೇ. ಮದುವೆಯ ಹಿಂದಿನ ದಿನ ಇಕ್ಕಳ ಕಿವಿಗೇ ತಾಗಿತ್ತು. ಅಕ್ಕ ಹಲ್ಲು ಕಚ್ಚಿ ಕೂತಿದ್ದಳು, ಕೂಗಿದರೆ ಹೊರಗೆ ಕೇಳುತ್ತದೆ ಎಂದು.

"ಇಲ್ಲ ಮಗಾ. ಸುಟ್ಟಿದ್ದು ಸಾಕು," ಎಂದು ಇಕ್ಕಳವನ್ನು ಬಕೆಟಿನ ನೀರಿಗೆ ಇಳಿಬಿಟ್ಟಳು. ನೀರು ಒಮ್ಮೆ ಕುದಿದು ಸುಮ್ಮನಾಯಿತು. "ನಾನು ಹೀಗೇ ಬಾಚ್ತೀನಿ. ಮೇಲೆ ಬಟ್ಟೆ ಕಟ್ಟೋದಾದ್ರೆ ಕಟ್ಟು. ನಿಮ್ಮಮ್ಮ, ನಿನ್ನಿಷ್ಟ."

ಅಗಲ ಹಲ್ಲಿನ ಬಾಚಣಿಗೆಯಲ್ಲಿ, ಒಂದೊಂದೇ ಸುರುಳಿ ಬಿಡಿಸಿ, ನಿಧಾನವಾಗಿ ಬಾಚಿದಳು. ಬಾಚಿ ಮುಗಿದ ಮೇಲೆ ಮಗಳು ಅದರ ಮೇಲೆ ಬಟ್ಟೆ ಕಟ್ಟಿದಳು. ಬಾಚಮ್ಮ ಬೇಡವೆನ್ನಲಿಲ್ಲ.

ಹೊರಗಿನ ಕೋಣೆಯಲ್ಲಿ ಕುರ್ಚಿಗಳ ಮೇಲೆ ನಯದವರು. ಜಗಲಿಯಲ್ಲಿ ಸಿಕ್ಕಿನವರು. ಅಲ್ಲಿ ಕೂರಿ ಎಂದು ಯಾರೂ ಹೇಳಿರಲಿಲ್ಲ, ಕಾಲುಗಳು ತಾವಾಗಿಯೇ ಅಲ್ಲಿ ನಿಂತಿದ್ದವು. ಅವರ ನಡುವೆ ನಿಲ್ದಾಣದ ಹಳೇ ಕಂಡಕ್ಟರ್, ಆ ಬಸ್ಸಿನವನೇ, ಈಗ ಹಲ್ಲಿಲ್ಲದ ತಾತ.

"ಟಿಕೆಟಮ್ಮನ ಹತ್ರ ಚಿಲ್ಲರೆ ಇಲ್ಲ ಅನ್ನೋ ಮಾತೇ ಇರಲಿಲ್ಲ," ಎನ್ನುತ್ತಿದ್ದ ಪಕ್ಕದವನಿಗೆ. "ಈ ಕಿಂಡಿಗೂ ಅದೇ ಮಾತು, ಆ ಕಿಂಡಿಗೂ ಅದೇ ಮಾತು. ಅಂಥೋರು ಸಿಗಲ್ಲ ಬಿಡು."

ಅಕ್ಕನನ್ನು ಮಲಗಿಸಿದ ಪೆಟ್ಟಿಗೆಯನ್ನು ತಂದು ನಡುವೆ ಇಳಿಸಿದರು. ಮಗಳ ಅತ್ತೆ ಎದ್ದು ಬಂದು ಮುಖ ನೋಡಿ, ನಿಜವಾಗಿಯೇ ಕಣ್ಣೀರು ಹಾಕಿದರು. ಆಮೇಲೆ, "ತಲೆಗೆ ಯಾಕಮ್ಮ ಬಟ್ಟೆ? ಎಂಥಾ ಕೂದಲು ನಮ್ಮ ಬೀಗರದು! ನೀರು ಹರಿದ ಹಾಗೆ. ಅದೆಲ್ಲ ರಕ್ತದಲ್ಲಿ ಬರ್ಬೇಕು," ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹಿತ್ತಲಿನಿಂದ ಬಂದು ಗೋಡೆಗಂಟಿ ನಿಂತ ಗುಬ್ಬಿ ಅವರ ಕಣ್ಣಿಗೆ ಬಿದ್ದಳು. "ಈ ಮಗೂಗೆ ಅದು ಯಾರ ರಕ್ತ ಬಂತೋ!"

ಗುಬ್ಬಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ಮಗಳು ಅದನ್ನು ನೋಡಿದಳು. ಪೆಟ್ಟಿಗೆಯ ಬಳಿ ಮಂಡಿಯೂರಿ, ತಾನೇ ಕಟ್ಟಿದ ಗಂಟನ್ನು ಬಿಚ್ಚಿ, ಬಟ್ಟೆ ತೆಗೆದಳು.

"ಯಾರ ರಕ್ತ ಅಂತ ಕೇಳ್ತಾನೇ ಇದ್ರಲ್ಲ ಅತ್ತೆ," ಎಂದಳು. "ಅಮ್ಮಂದು."

ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಿಗೆ ಒರಗಿ ನಿಂತ ಬಾಚಮ್ಮ ಕಂಡಳು. ತೆರೆದ ಬಾಯಿ ಹಾಗೇ ಮುಚ್ಚಿತು, ಕೈ ತಾನಾಗಿ ತಮ್ಮ ತಲೆಗೆ ಹೋಯಿತು. ಅವರ ಮನೆಯ ಕೋಣೆಗೂ ಒಂದು ಚಿಲಕವಿತ್ತು. ಬುಧವಾರಗಳಂದು ಅದರ ಹಿಂದೆ ಅದೇ ಇಕ್ಕಳ ಕಾಯುತ್ತಿತ್ತು. ಊರಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಕಾಯುತ್ತಿತ್ತು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯದಿರುವುದು ಬಾಚಮ್ಮನ ಕಸುಬಿನ ನೇಮ. ಗುಬ್ಬಿ ಹುಟ್ಟಿದಾಗ ಬಾಚಮ್ಮನನ್ನು ಹೇಡಿ ಮಾಡಿದ್ದೂ ಅದೇ ನೇಮ. ಈಗಲೂ ಅವಳು ಸುಮ್ಮನೆ ನೆಲ ನೋಡಿದಳು. ಅತ್ತೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಮೊದಲು ಕದಲಿದವಳು ಗುಬ್ಬಿ. ಬಂದು ಅಜ್ಜಿಯ ತಲೆ ಮುಟ್ಟಿದಳು, ಆಮೇಲೆ ತನ್ನದು. "ಅಮ್ಮ, ಅಜ್ಜಿಗೂ!" ಎಂದಳು. ಜಗಲಿಯ ಕಂಡಕ್ಟರ್ ತಾತ ಬಾಗಿಲಲ್ಲಿ ಇಣುಕಿ ಪೆಟ್ಟಿಗೆ ನೋಡಿದ, ಬಾಚಮ್ಮನನ್ನು ನೋಡಿದ, ಮತ್ತೆ ಪೆಟ್ಟಿಗೆ ನೋಡಿದ.

ವ್ಯಾನು ಬಂತು. ಪೆಟ್ಟಿಗೆಯನ್ನು ಒಳಗೆ ನಡುವೆ ಇಟ್ಟರು. ಅದರ ಎರಡು ಬದಿಗೆ ಮನೆಯವರು ಕೂರುವ ಉದ್ದನೆಯ ಸೀಟುಗಳು. ಉಳಿದವರು ಹಿಂದೆ ನಡೆದು ಬರಬೇಕು. ಯಾರೂ ಹೇಳದಿದ್ದರೂ ಕಂಡಕ್ಟರ್ ತಾತ ವ್ಯಾನಿನ ಮೆಟ್ಟಿಲ ಬಳಿ ನಿಂತುಬಿಟ್ಟಿದ್ದ. "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ." ಹುಟ್ಟುಗುಣ ಸುಟ್ಟರೂ ಹೋಗದು.

ಬಾಚಮ್ಮ ತನ್ನ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿನಾಚೆ, ನಡೆದು ಬರುವವರ ಸಾಲಿನ ಕೊನೆಗೆ ಹೋಗಿ ನಿಂತಳು. ಅಕ್ಕನನ್ನು ಅವಳ ತಲೆಯಲ್ಲೇ ಕಳಿಸಿದ್ದಾಯಿತು, ಅಷ್ಟು ಸಾಕು ಎಂದುಕೊಂಡಳು. ಸಾಕಾಗಿರಲಿಲ್ಲ. ಒಡಹುಟ್ಟಿದವಳ ಪಕ್ಕ ಕೂತು ಹೋಗುವ ಆಸೆ ಇನ್ನೂ ಇತ್ತು. ಆದರೆ ಇಷ್ಟು ವಯಸ್ಸಾದ ಮೇಲೆ ನಾನೂ ಹತ್ತುತ್ತೇನೆ ಎಂದು ಬಾಯಿಬಿಟ್ಟು ಕೇಳುವುದು ಹೇಗೆ?

ವ್ಯಾನು ತುಂಬಿತು. ಅಳಿಯ, ಗುಬ್ಬಿ, ಅತ್ತೆ, ಮಗಳು. ಅತ್ತೆಯ ಕಡೆಯ ಒಬ್ಬರು ಮಗಳ ಪಕ್ಕದ ಖಾಲಿ ಜಾಗಕ್ಕೆ ಕೂರಲು ಹೋದರು. ಮಗಳು ಅಲ್ಲಿಂದ ಅಂಗೈ ಎತ್ತಲಿಲ್ಲ.

"ಈ ಸೀಟು ಯಾರದಮ್ಮ?" ಎಂದ ತಾತ.

"ಬರ್ತಾರೆ," ಎಂದಳು ಮಗಳು.

ಡ್ರೈವರ್ ಎಂಜಿನ್ ಎಬ್ಬಿಸಿದ. ಹೊರಡು ಎಂದು ವ್ಯಾನಿನ ತಗಡು ಬಡಿಯಲು ತಾತ ಎತ್ತಿದ್ದ ಕೈ ಹಾಗೇ ಮೇಲೆ ನಿಂತಿತು. ಅವನು ಆ ಅಂಗೈ ನೋಡಿದ. ಪೆಟ್ಟಿಗೆ ನೋಡಿದ. ಕತ್ತು ತಿರುಗಿಸಿ ಗೇಟಿನಾಚೆಯ ಸಾಲಿನ ಕೊನೆಯನ್ನು ನೋಡಿದ.

"ಇರಪ್ಪಾ, ಇರು," ಎಂದ ಡ್ರೈವರಿಗೆ. "ಟಿಕೆಟ್ ಆಗಿದೆ. ಬರ್ತಿದ್ದಾರೆ."

ಸಾಲಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿ ದಾರಿ ಬಿಟ್ಟರು. ಬಾಚಮ್ಮ ಬಂದು ಮೆಟ್ಟಿಲ ಮೇಲೆ ಕಾಲಿಟ್ಟಾಗ ಮಗಳು ಸೀಟಿನ ಮೇಲಿಂದ ಕೈ ತೆಗೆದಳು.